ಹಿಂದಿನ ಸೀಟಿನ ಅಳತೆ

"ಗುರುಗಳೇ, ನನ್ನವರ ಒಳಿತಿಗಾಗಿಯೇ ಇಲ್ಲಿ ಕೂತು ಜಪ ಮಾಡುತ್ತಿರುವಾಗ, ಎದ್ದು ಹೋಗಿ ಅವರನ್ನು ನೋಡಲೇಬೇಕೆ?" ಎಂದು ಚೆನ್ನವೀರ ಕೇಳಿದ.

ಅವನು ಮಠಕ್ಕೆ ಬಂದು ಹನ್ನೊಂದು ವರ್ಷವಾಗಿತ್ತು. ಒಮ್ಮೆ ಬಂದು ಹೋಗು ಎಂದು ತಂಗಿ ಶಾಂಭವಿ ಬರೆದ ಮೂರನೆಯ ಕಾಗದ ಅವನ ಕೈಯಲ್ಲಿತ್ತು. "ಅವಳು ದಿನವೂ ನನ್ನ ಕಣ್ಣ ಮುಂದೆಯೇ ಇರುತ್ತಾಳೆ. ಇಷ್ಟೆತ್ತರ," ಎಂದು ಅಂಗೈಯನ್ನು ಸೊಂಟದ ಮಟ್ಟಕ್ಕೆ ಹಿಡಿದು ತೋರಿಸಿದ.

ಗುರುಗಳು ಆ ಕೈಯನ್ನು ನೋಡಿದರು. "ಕೂತುಕೋ," ಎಂದು ಒಂದು ಕಥೆ ಹೇಳಲು ತೊಡಗಿದರು.

ಜಪಾನಿನ ಸಾಮಾನ್ಯ ಜನ ಕಾರಿನ ಆಸೆ ಪಡಲು ತೊಡಗಿದ ಕಾಲ. ಒಂದು ಕಾರ್ಖಾನೆಯವರು ಸಂಸಾರವಂದಿಗರಿಗೆಂದು ಒಂದು ಸೆಡಾನ್ ಮಾಡಲು ಹೊರಟರು. ಅದರದೇ ಚಾವಣಿಯನ್ನು ಹಿಂದಕ್ಕೆ ಚಾಚಿದರೆ ವ್ಯಾಗನ್. ವಾರವೆಲ್ಲ ತರಕಾರಿ ಬುಟ್ಟಿ, ಭಾನುವಾರ ಹೆಂಡತಿ ಮಕ್ಕಳು. ತಗಡು ಮುಟ್ಟುವ ಮೊದಲು ಇಡೀ ಕಾರನ್ನು ಮರದಲ್ಲಿ ಮಾಡಿ ನೋಡುವುದು ಅಲ್ಲಿನ ಪದ್ಧತಿ. ಆ ಕೆಲಸ ಒಬ್ಬ ಬಡಗಿಯ ಪಾಲಿಗೆ ಬಂತು.

ಒಳಗೆ ಕೂರುವವರ ಅಳತೆ ಬೇಕಲ್ಲ? ಅವನು ತನ್ನ ಮನೆಯವರನ್ನೇ ಗೋಡೆಗೆ ನಿಲ್ಲಿಸಿ ಅಳೆದ. ತಾಯಿ, ಹೆಂಡತಿ, ಎಂಟು ವರ್ಷದ ಮಗ, ಐದು ವರ್ಷದ ಮಗಳು. ಅದೇ ಅಳತೆಗೆ ನಾಲ್ಕು ಮರದ ಬೊಂಬೆ ಕೆತ್ತಿ ಸೀಟಿನಲ್ಲಿ ಕೂರಿಸಿ, ಸ್ಟೀರಿಂಗ್ ಹಿಂದೆ ತಾನು ಕೂತ. ಯಾರ ಮೊಣಕಾಲೂ ತಾಗಲಿಲ್ಲ. ಬಡಗಿ ಹಿಗ್ಗಿದ.

ನಾಲ್ಕು ವರ್ಷಕ್ಕೊಮ್ಮೆ ಕಾರು ಹೊಸದಾಗುತ್ತಿತ್ತು, ಹೆಸರು ಮಾತ್ರ ಹಳೆಯದು. ಪೆಟ್ರೋಲು ತುಟ್ಟಿಯಾದಾಗ ಕಡಿಮೆ ಕುಡಿಯುವ ಎಂಜಿನ್ ಬಂತು. ಜನಕ್ಕೆ ಹಿಮದ ಬೆಟ್ಟ ಹತ್ತುವ ಹುಚ್ಚು ಹಿಡಿದಾಗ ವ್ಯಾಗನ್ ಇನ್ನಷ್ಟು ಉದ್ದವಾಯಿತು. "ಮನೆಯವರನ್ನು ಮತ್ತೊಮ್ಮೆ ಅಳೆಯುತ್ತೀರಾ?" ಎಂದು ಮೇಲಿನವರು ಪ್ರತಿ ಸಲವೂ ಕೇಳುವರು. ಬಡಗಿಗೆ ನಗು. ತನ್ನವರ ಅಳತೆ ತನಗೆ ತಿಳಿಯದೆ?

ಮಲಗುವುದೂ ಕಾರ್ಖಾನೆಯಲ್ಲೇ ಆಯಿತು. ಹೆಂಡತಿ ಬುತ್ತಿ ಹಿಡಿದು ಗೇಟಿಗೆ ಬರುತ್ತಿದ್ದಳು. "ಈ ಭಾನುವಾರವಾದರೂ ಬನ್ನಿ, ಮಗಳು ಕೇಳುತ್ತಾಳೆ," ಎಂದಳು ಒಮ್ಮೆ.

"ಯಾರಿಗಾಗಿ ಇಷ್ಟೆಲ್ಲ ಒದ್ದಾಡುತ್ತಿದ್ದೇನೆ? ನಿಮಗಾಗಿಯೇ ತಾನೆ? ಈ ಮಾದರಿ ಮುಗಿಯಲಿ," ಎಂದ. ಮುಂದೆ ಅವಳು ಕೇಳುವುದನ್ನು ಬಿಟ್ಟಳು.

ತಾಯಿ ತೀರಿಕೊಂಡಾಗ ಹೋಗಿ, ಅಂತ್ಯಕ್ರಿಯೆ ಮುಗಿಸಿ, ಅಂದೇ ಮರಳಿದ. ಅವಳ ಬೊಂಬೆಯನ್ನು ಎಂದಿನಂತೆ ಕಿಟಕಿಯ ಪಕ್ಕ ಕೂರಿಸಿದ. ಮರುದಿನ ಬೆಳಿಗ್ಗೆ ನೋಡಿದರೆ ಮಗಳ ಬೊಂಬೆಯ ಮುಖ ಅಜ್ಜಿಯ ಕಡೆಗೆ ಹೊರಳಿತ್ತು. ಅದರ ಕತ್ತನ್ನು ಅವನು ಒಂದೇ ತುಂಡು ಮರದಲ್ಲಿ ಕೆತ್ತಿದ್ದ, ಹೊರಳುವ ಹಾಗಿರಲಿಲ್ಲ. ಬೇರೆಯವರಾಗಿದ್ದರೆ ಕಿರುಚಿ ಓಡುತ್ತಿದ್ದರು. ಬಡಗಿಗೆ ಭಯವಾಗಲಿಲ್ಲ, ಸಮಾಧಾನವಾಯಿತು.

ಮೂವತ್ತೆರಡು ವರ್ಷ ಕಳೆಯಿತು. ಜನ ಎತ್ತರದ, ಬಾಗಿಲು ಜಾರುವ ವ್ಯಾನುಗಳ ಹಿಂದೆ ಬಿದ್ದರು. ಕಾರ್ಖಾನೆಯವರು ಆ ಹಳೆಯ ಹೆಸರನ್ನೇ ನಿಲ್ಲಿಸಿ, ಕಟ್ಟಕಡೆಯ ವ್ಯಾಗನ್ನನ್ನು ಬಡಗಿಗೆ ಉಡುಗೊರೆ ಕೊಟ್ಟರು. ಅವನು ಬೊಂಬೆಗಳನ್ನು ಹಿಂದೆ ಸಾಮಾನಿನ ಜಾಗದಲ್ಲಿ ಮಲಗಿಸಿಕೊಂಡು, ಇಂದು ಎಲ್ಲರನ್ನೂ ಸಮುದ್ರ ತೋರಿಸಲು ಕರೆದೊಯ್ಯುತ್ತೇನೆ ಎಂದು ಮನೆಗೆ ಬಂದ.

ಹಾರ್ನ್ ಕೇಳಿ ಮೂವರು ಹೊರಬಂದರು. ತಲೆ ನರೆತ ಒಬ್ಬ ಹೆಂಗಸು, ಬೊಕ್ಕತಲೆಯ ಒಬ್ಬ ಗಂಡಸು, ಕನ್ನಡಕದ ಇನ್ನೊಬ್ಬ ಹೆಂಗಸು. ಸಂಕೋಚದಿಂದ ಒಳಗೆ ಕೂತರು. ಬಡಗಿ ಕನ್ನಡಿಯಲ್ಲಿ ಅವರನ್ನು ನೋಡಿದ. ಹಿಂದಿನಿಂದ ಮರ ಬಡಿದ ಸದ್ದು ಕೇಳಿಸಿತು. ಒಮ್ಮೆ. ಮತ್ತೊಮ್ಮೆ.

"ದಯವಿಟ್ಟು ಇಳಿಯಿರಿ. ಇದು ನಮ್ಮ ಮನೆಯವರ ಜಾಗ," ಎಂದ.

"ಅಪ್ಪಾ, ನಾನು," ಎಂದಳು ಕನ್ನಡಕದವಳು.

ಬಡಗಿ ಜೇಬಿನಿಂದ ಟೇಪು ತೆಗೆದು, ಇಳಿದು ನಿಂತ ಅವಳನ್ನು ನೆತ್ತಿಯಿಂದ ಪಾದದವರೆಗೆ ಅಳೆದ. ಬಹಳ ಮರ್ಯಾದೆಯಿಂದಲೇ ತಲೆಯಾಡಿಸಿದ. "ಇಲ್ಲಮ್ಮ. ನನ್ನ ಮಗಳು ಮೂರೂವರೆ ಅಡಿ."

ಉಳಿದಿಬ್ಬರೂ ಇಳಿದ ಮೇಲೆ ಬೊಂಬೆಗಳನ್ನು ಒಂದೊಂದಾಗಿ ಎತ್ತಿ, ಅವರವರ ಜಾಗದಲ್ಲಿ ಕೂರಿಸಿದ. ಯಾರ ಮೊಣಕಾಲೂ ತಾಗಲಿಲ್ಲ. ವ್ಯಾಗನ್ ಹೊರಟಿತು. ಮೂವರೂ ಬೀದಿಯಲ್ಲಿ ನಿಂತು ನೋಡುತ್ತಿದ್ದಂತೆ, ಹಿಂದಿನ ಸೀಟಿನ ಪುಟ್ಟ ತಲೆಯೊಂದು ಮೆಲ್ಲಗೆ ಹೊರಳಿ, ಗಾಜಿನಾಚೆಯಿಂದ ಅವರನ್ನು ನೋಡಿತು. ಕಾರು ತಿರುವು ದಾಟುವವರೆಗೂ ನೋಡುತ್ತಲೇ ಇತ್ತು.

ಕಥೆ ಮುಗಿದಾಗ ಚೆನ್ನವೀರ ಕೈಯಲ್ಲಿದ್ದ ಕಾಗದವನ್ನು ಮತ್ತೆ ಬಿಡಿಸಿದ.

ಗುರುಗಳು ಕೇಳಿದರು: "ಶಾಂಭವಿ ಎಷ್ಟೆತ್ತರ ಇದ್ದಾಳೆ ಎಂದೆ?"