ಸೌಂಡ್‌ನವರನ್ನ ಗೊತ್ತುಮಾಡಕ್ಕೆ ಹೋದ ತಿಬ್ಬೇಶ

ಬನ್ರೇ, ಇಲ್ಲೇ ಜಗಲಿ ಮೇಲೆ ಕೂತ್ಕೊಳ್ರಿ. ಹೊಟ್ಟೆ ಹಿಡ್ಕೊಂಡೇ ಕೂತ್ಕೊಳ್ರಿ, ಆಮೇಲೆ ನೋವು ಅಂದ್ರೆ ನಾನು ಜವಾಬ್ದಾರಿ ಅಲ್ಲ!

ನಮ್ಮ ಪಕ್ಕದ ಮನೆ ಚಿಕ್ಕತಾಯಮ್ಮ ಇಲ್ವಾ, ಅವಳಿಗೊಬ್ಬ ಮಗ. ತಿಬ್ಬೇಶ ಅಂತ. ಆಳು ನೋಡಿದ್ರೆ ಬಾಗಿಲಲ್ಲಿ ಬಗ್ಗಿ ಬರಬೇಕು, ಅಷ್ಟೆತ್ತರ. ಬುದ್ಧಿ ಮಾತ್ರ ಇನ್ನೂ ಹೊಸ್ತಿಲು ದಾಟಿಲ್ಲ. ಹೇಳಿದ್ದನ್ನ ಹೇಳ್ದಂಗೇ ಮಾಡ್ತಾನೆ ಕಣ್ರೇ, ಅದೇ ಅವನ ರೋಗ. ಹಿಟ್ಟಿನ ಗಿರಣಿಲಿ ಎರಡು ದಿನ ಕೆಲಸಕ್ಕಿದ್ದ. ಸೈಕಲ್ ಸ್ಟ್ಯಾಂಡಲ್ಲಿ ಒಂದು ದಿನ. ಕಲ್ಯಾಣ ಮಂಟಪದಲ್ಲಿ ಮಧ್ಯಾಹ್ನದ ಊಟದ ತನಕ! ಮೂವತ್ತು ತುಂಬ್ತು, ಕೈಯಲ್ಲಿ ಕೆಲಸ ಇಲ್ಲ.

"ನಾನು ಕಣ್ಮುಚ್ಚಿದ್ರೆ ಇವನಿಗ್ಯಾರೇ ಗತಿ?" ಅಂತ ಚಿಕ್ಕತಾಯಮ್ಮ ದಿನಾ ಗೋಡೆ ಆಚೆಯಿಂದ ಅಳೋಳು.

"ಮದುವೆ ಮಾಡೇ" ಅಂದೆ.

"ಕೆಲಸ ಇಲ್ದೋನಿಗೆ ಯಾರೇ ಹೆಣ್ಣು ಕೊಡ್ತಾರೆ? ನಿನ್ನ ಮಗಳಿದ್ರೆ ಕೊಡ್ತಿದ್ಯಾ?"

ನಾನು ಸುಮ್ಮನಾದೆ. ನಾನು ಸುಮ್ಮನಾಗೋದು ಅಂದ್ರೆ ಲೆಕ್ಕ ಹಾಕ್ಕೊಳ್ರಿ!

ಅಷ್ಟರಲ್ಲಿ ನಮ್ಮ ಬೀದಿ ಕೊನೆ ಬಂಗಲೆಗೆ ಸೀರಿಯಲ್ ಶೂಟಿಂಗ್ ಬಂತು. ಅಡುಗೆ ಗುತ್ತಿಗೆ ಚಿಕ್ಕತಾಯಮ್ಮಂದೇ. ಮ್ಯಾನೇಜರ್ ಹೊಂಬಯ್ಯನ ಕಾಲಿಗೆ ಬಿದ್ಲು. "ನನ್ನ ಮಗನಿಗೊಂದು ಕೆಲಸ ಕೊಡಿ ಸ್ವಾಮಿ!"

ಆ ಯಪ್ಪ ಇವಳ ಬಿಸಿಬೇಳೆಬಾತು ತಿಂದು ಮೆತ್ತಗಾಗಿದ್ದ. "ಎರಡು ದಿನ ನೋಡ್ತೀನಿ. ಸರಿಹೋದ್ರೆ ಖಾಯಂ. ಇಲ್ಲಾಂದ್ರೆ ಗೇಟಿಂದಾಚೆ!"

ಮೊದಲನೇ ದಿನವೇ ಏನಾಯ್ತು ಅಂದ್ರೆ, ಅವರ ಸೌಂಡ್ ಹಿಡಿಯೋನಿಗೆ ಕಾಮಾಲೆ ಬಂತು. ಆ ಸೀರಿಯಲ್ಲಲ್ಲಿ ಆಮೇಲೆ ಡಬ್ಬಿಂಗ್ ಗಿಬ್ಬಿಂಗ್ ಇಲ್ವಂತೆ, ಆಡೋ ಮಾತು ಅಲ್ಲೇ, ಆಗ್ಲೇ ಹಿಡೀಬೇಕಂತೆ. ಮಾರನೇ ದಿನವೇ ಅಂಬುಜಾಕ್ಷಮ್ಮ ಬರೋದು. ಹಳೇ ಕಾಲದ ಹೀರೋಯಿನ್ನು, ಈಗ ತಾಯಿ ಪಾತ್ರ, ಕೊಟ್ಟಿರೋದು ಒಂದೇ ದಿನದ ಡೇಟು!

"ಲೋ ತಿಬ್ಬೇಶ! ಬಸ್ ಸ್ಟ್ಯಾಂಡ್ ಹತ್ರ ಇನ್ನೊಂದು ಶೂಟಿಂಗ್ ನಡೀತಿದೆ. ಅಲ್ಲಿಂದ ಒಬ್ಬ ಸೌಂಡ್‌ನವನನ್ನ ಗೊತ್ತುಮಾಡ್ಕೊಂಡು ಬಾ!" ಅಂದ ಹೊಂಬಯ್ಯ.

"ಹೆಂಗಿರ್ತಾನೆ ಸಾರ್?"

"ಕಿವಿಗೆ ಹೆಡ್‌ಫೋನು. ಕೈಲಿ ಉದ್ದದ ಕೋಲು. ಕತ್ತು ಮೇಲೆ. ಕೂಗಿದ್ರೂ ತಿರುಗಿ ನೋಡಲ್ಲ. ಓಡು!"

ಓಡಿದ. ಬೀದಿ ತಿರುವಿನಲ್ಲೇ ಸಿಕ್ಕಿಬಿಟ್ಟ! ಕಿವೀಲಿ ಹೆಡ್‌ಫೋನು. ಕೈಲಿ ಉದ್ದದ ಕೋಲು. ಕತ್ತು ಮೇಲೆ. ಕೂಗಿದ, ತಿರುಗಲಿಲ್ಲ. ಇನ್ನೊಂದ್ಸಲ ಕೂಗಿದ, ಊಹ್ಞೂಂ! ತಿಬ್ಬೇಶನಿಗೆ ಖುಷಿಯೋ ಖುಷಿ, ತೋಳು ಹಿಡಿದು ಎಳ್ಕೊಂಡೇ ಬಂದ.

"ಸಾರ್! ಐದೇ ನಿಮಿಷದಲ್ಲಿ ತಂದೆ!"

ಹೊಂಬಯ್ಯ ನೋಡ್ತಾನೆ, ಮಾವಿನಕಾಯಿ ಕೀಳೋ ಮಾರಯ್ಯ! ಕ್ರಿಕೆಟ್ ಕಾಮೆಂಟರಿ ಕೇಳ್ತಾ ದೋಟಿ ಹಿಡ್ಕೊಂಡಿದ್ದ ಪಾಪ. "ಯಾವ ಮರ ಬುದ್ಧಿ?" ಅಂತ ಕೇಳ್ದ.

"ಅಯ್ಯೋ ಗೂಬೆ! ಕೋಲಿನ ತುದೀಲಿ ಮೈಕ್ ಇರಬೇಕು ಕಣೋ, ಕೋಲು ಕಂಡೋರನ್ನೆಲ್ಲ ಕರ್ಕೊಂಡು ಬರ್ತಾರೇನೋ? ಬೆಂಗಳೂರಲ್ಲಿ ನಾಲ್ಕು ಜನಕ್ಕೆ ನಾನೇ ಹೇಳ್ತೀನಿ, ಯಾರು ಮೊದಲು ಬರ್ತಾರೋ ಬರಲಿ. ನಾಳೆ ನೀನು ಗೇಟಲ್ಲಿ ನಿಂತ್ಕೊ. ಬಂದೋರನ್ನ ವಿಚಾರಿಸು! ಮೊದಲು ಎಲ್ಲಿ ಕೆಲಸ ಮಾಡಿದ್ದೆ? ಸಾಮಾನು ಸ್ವಂತದ್ದಾ, ಬಾಡಿಗೆದಾ? ಕಿವಿ ಸರಿಯಾಗಿ ಕೇಳತ್ತಾ? ಈ ಮೂರೂ ಕೇಳದೆ ಯಾರನ್ನೂ ಒಳಗೆ ಬಿಡಬೇಡ!"

"ಆಯ್ತು ಸಾರ್, ಇನ್ಮೇಲೆ ಹಂಗೇ ಮಾಡ್ತೀನಿ!"

ಬೆಳಗಾಯ್ತು. ಗೇಟ್ ಮುಂದೆ ಕಾರು ನಿಲ್ತು. ಕಾರಿಂದ ಇಳಿದೋರು ಯಾರು? ಅಂಬುಜಾಕ್ಷಮ್ಮ! ರೇಷ್ಮೆ ಸೀರೆ, ಕೈತುಂಬ ಬಳೆ, ಕತ್ತಲ್ಲಿ ಕಾಸಿನ ಸರ.

ತಿಬ್ಬೇಶ ಗೇಟಿಗೆ ಅಡ್ಡ ನಿಂತ. "ನಿಲ್ಲಿ! ಮೊದಲು ಎಲ್ಲಿ ಕೆಲಸ ಮಾಡಿದ್ದೆ?"

"ಏನಂದೆ?"

"ಮೈಮೇಲಿರೋ ಸಾಮಾನು ಸ್ವಂತದ್ದಾ, ಬಾಡಿಗೆದಾ?"

"ಏಯ್!"

"ಕಿವಿ ಸರಿಯಾಗಿ ಕೇಳತ್ತಾ?" ಅಂತ ಅವಮ್ಮನ ಕಿವಿ ಹತ್ರ ಬಗ್ಗಿ ಕಿರುಚಿದ!

ನಾನು ಕಿಟಕೀಲೇ ಇದ್ದೆ ಕಣ್ರೇ, ಎರಡನೇ ಪ್ರಶ್ನೆಗೆ ಉತ್ತರ ಕೇಳಣ ಅಂತ ಕಾಯ್ತಿದ್ದೆ, ಆ ಸರದ ಮೇಲೆ ನಂಗೂ ಅನುಮಾನವೇ! ಅವಮ್ಮ ನೋಡಿದ್ರೆ ಕಾರು ಹತ್ತಿ ಬಾಗಿಲು ಧಡ್ ಅಂತ ಹಾಕ್ಕೊಂಡ್ಲು. ಹೊಂಬಯ್ಯ ಕೈ ಮುಗಿದ, ಡೈರೆಕ್ಟ್ರು ಕೈ ಮುಗಿದ್ರು. ಕೊನೆಗೆ ಚಿಕ್ಕತಾಯಮ್ಮ ಬಿಸಿ ಬಿಸಿ ಕಾಫಿ, ತುಪ್ಪದ ದೋಸೆ ಕಾರಿಗೇ ತಗೊಂಡು ಹೋದ್ಲು, ಆಗ ಬಾಗಿಲು ತೆಗೀತು.

ಆಮೇಲೆ ಮಗನ ಬೆನ್ನಿಗೆ ಎರಡು ಬಿತ್ತು.

"ನನ್ನ ಹೊಟ್ಟೆ ಉರಿಸೋಕೇ ಹುಟ್ದೇನೋ! ದೊಡ್ಡೋರನ್ನ ಹಂಗೆಲ್ಲ ಕೇಳ್ತಾರಾ? ಯಾರೇ ಬರಲಿ, ಏನೂ ಕೇಳಬೇಡ! ಕೈಲಿರೋ ಬ್ಯಾಗ್ ತಗೋ. ಹಾರ ಹಾಕು. ಎಳನೀರು ಕೊಡು. ಒಳಗಿನ ರೂಮಲ್ಲಿ ಫ್ಯಾನ್ ಕೆಳಗೆ ಕೂರಿಸು. ಬಾಯಿ ಬಿಡಬೇಡ!"

"ಆಯ್ತವ್ವಾ, ಇನ್ಮೇಲೆ ಹಂಗೇ ಮಾಡ್ತೀನಿ!"

ಹತ್ತು ಗಂಟೆಗೆ ಬಂದ್ಲು ಒಬ್ಬಳು ಹುಡುಗಿ. ಪ್ಯಾಂಟು, ಕ್ಯಾನ್ವಾಸ್ ಬೂಟು, ಹೆಗಲ ಮೇಲೆ ಭಾರದ ಬ್ಯಾಗು. ಫ್ಲೇವಿಯಾ ಅಂತ. ಬೆಂಗಳೂರಿಂದ ಮೊದಲು ಬಂದ ಸೌಂಡ್‌ನವಳು ಅವಳೇ! ತಿಬ್ಬೇಶ ಏನೂ ಕೇಳಲಿಲ್ಲ. ಬ್ಯಾಗ್ ಕಿತ್ಕೊಂಡ. ಹಾರ ಹಾಕ್ದ. ಎಳನೀರು ಕೊಟ್ಟ. ಒಳಗಿನ ರೂಮಲ್ಲಿ ಫ್ಯಾನ್ ಕೆಳಗೆ ಕೂರಿಸ್ದ. ಬಾಯಿ ಬಿಡಲಿಲ್ಲ.

ಅವಳೂ ಕೇಳಲಿಲ್ಲ. ಶೂಟಿಂಗ್ ಅಂದ್ರೆ ಕಾಯೋದೇ ಅಲ್ವಾ, ಕರೀತಾರೆ ಬಿಡು ಅಂತ ಕೂತ್ಲು.

ಇತ್ಲಾಗೆ ಹೊಂಬಯ್ಯ ಗೇಟಿಂದ ಬಂಗಲೆಗೆ, ಬಂಗಲೆಯಿಂದ ಗೇಟಿಗೆ! "ಸೌಂಡ್‌ನವರು ಬಂದ್ರೇನೋ?"

"ಗೊತ್ತಿಲ್ಲ ಸಾರ್, ನಾನು ಕೇಳಲಿಲ್ಲ!"

ಹನ್ನೊಂದಾಯ್ತು. ಹನ್ನೆರಡಾಯ್ತು. ಅಂಬುಜಾಕ್ಷಮ್ಮ ಗಡಿಯಾರ ನೋಡ್ತಾಳೆ, ಡೈರೆಕ್ಟ್ರು ಆಕಾಶ ನೋಡ್ತಾರೆ. ಒಂದು ಗಂಟೆಗೆ ಆ ಹುಡುಗಿನೇ ಆಚೆ ಬಂದ್ಲು, ಹಾರ ಹಾಕ್ಕೊಂಡೇ. "ಮೂರು ಎಳನೀರು ಕುಡ್ದೆ ಸಾರ್, ಕೆಲಸ ಯಾವಾಗ ಶುರು?"

ಹೊಂಬಯ್ಯನಿಗೆ ಮೈಯೆಲ್ಲ ಬೆಂಕಿ! "ಇನ್ನೊಂದೇ ಒಂದು ತಪ್ಪು ಮಾಡ್ಲಿ ಚಿಕ್ಕತಾಯಮ್ಮ, ನಿನ್ನ ಮಗ ಗೇಟಿಂದಾಚೆ!"

ಚಿಕ್ಕತಾಯಮ್ಮ ಮಗನ ಗಲ್ಲ ಹಿಡ್ಕೊಂಡು ಅತ್ಲು. "ನಿನ್ನ ತಲೆ ಉಪಯೋಗಿಸಲೇಬೇಡ ಮಗಾ! ಆ ಸೌಂಡಮ್ಮ ಏನು ಹೇಳ್ತಾಳೋ ಅದನ್ನ ಮಾಡು. ಪೂರ್ತಿ ಮಾಡು. ಅರ್ಧಕ್ಕೆ ಬಿಡಬೇಡ!"

"ಆಯ್ತವ್ವಾ, ಇನ್ಮೇಲೆ ಹಂಗೇ ಮಾಡ್ತೀನಿ!"

ಫ್ಲೇವಿಯಾ ಕಿವಿಗೆ ಹೆಡ್‌ಫೋನ್ ಹಾಕ್ಕೊಂಡ್ಲು. "ಅಣ್ಣಾ, ತುಂಬ ಗಲಾಟೆ ಕೇಳ್ತಿದೆ. ಫ್ಯಾನು, ಮಿಕ್ಸಿ, ಕೋಳಿ, ಏನಿದ್ರೂ ಹೋಗಿ ನಿಲ್ಲಿಸಿ. ಡೈರೆಕ್ಟ್ರು ಕಟ್ ಅನ್ನೋವರೆಗೂ ನಂಗೆ ಒಂದು ಸೌಂಡೂ ಬರಬಾರದು!"

ಹೊರಟ ನೋಡ್ರಿ! ಬಂಗಲೆ ಫ್ಯಾನು ಆರಿಸ್ದ, ಫ್ರಿಜ್ಜು ಆರಿಸ್ದ. ಎದುರುಮನೆ ಜಬೀನಾಳ ಹುಂಜಕ್ಕೆ ಕಂಬಳಿ ಹೊದಿಸ್ದ. ಐಸ್‌ಕ್ರೀಮ್ ಗಾಡಿಯವನ ಗಂಟೆ ಕಿತ್ತು ಜೇಬಿಗೆ ಹಾಕ್ಕೊಂಡ. ಸೀದಾ ನಮ್ಮನೆ ಅಡುಗೆಮನೆಗೇ ನುಗ್ಗಿ ಮಿಕ್ಸಿ ಆರಿಸ್ದ!

"ಲೇ ತಿಬ್ಬೇಶ! ನಿನ್ನ ಮೂತಿಗಿಷ್ಟು! ಯಾರ ಮನೆ ಅನ್ಕೊಂಡಿದ್ದೀ..." ಅಂತ ಬಾಯಿ ತೆಗೆದೆನೋ ಇಲ್ವೋ, ಡಬ್ಬಿಯಿಂದ ಒಂದು ಅಚ್ಚು ಬೆಲ್ಲ ತೆಗೆದು ನನ್ನ ಬಾಯಿಗೆ ತುರುಕಿಬಿಟ್ಟ! "ಚೀಪಕ್ಕಾ, ಮಾತಾಡಬೇಡ!"

ಬೆಲ್ಲ ಕರಗೋವರೆಗೂ ನಾನು ಮೂಗಿ. ನಮ್ಮ ಯಜಮಾನ್ರು ಅದನ್ನ ನೋಡಿ ಅವತ್ತೇ ಎರಡು ಕೇಜಿ ಬೆಲ್ಲ ತಂದಿಟ್ರು ಕಣ್ರೇ, ಅವರ ಬುದ್ಧಿಗಿಷ್ಟು!

ಜಗಳ ಆಡೋಣ ಅಂತ ಅವನ ಹಿಂದೇನೇ ಬಂಗಲೆಗೆ ಓಡ್ದೆ. ಬಾಗಿಲಲ್ಲೇ ನಿಂತೆ. ಅಬ್ಬಬ್ಬಾ, ಏನು ನಿಶ್ಶಬ್ದ! ಸೂಜಿ ಬಿದ್ರೂ ಕೇಳ್ಬೇಕು.

"ಕ್ಯಾಮೆರಾ! ಆ್ಯಕ್ಷನ್!" ಅಂದ್ರು ಡೈರೆಕ್ಟ್ರು.

ಅಂಬುಜಾಕ್ಷಮ್ಮ ಕಣ್ಣಲ್ಲಿ ನೀರು ತುಂಬ್ಕೊಂಡ್ಲು. ಕೈ ಚಾಚಿದ್ಲು. ತುಟಿ ನಡುಗಿತು. "ಮಗನೇ..." ಅಂದ್ಲು.

ತಿಬ್ಬೇಶನಿಗೆ ಸೌಂಡ್ ಕೇಳ್ತು!

ಹಾರಿದ! ಎಡಗೈಲಿ ಅಂಬುಜಾಕ್ಷಮ್ಮನ ಬಾಯಿ ಗಪ್ಪಂತ ಮುಚ್ಚಿದ!

ಡೈರೆಕ್ಟ್ರು ಎದ್ದು ಓಡಿ ಬಂದ್ರು. "ಕ..." ಅಂದ್ರು. ಅಷ್ಟೇ ಅಂದಿದ್ದು. ಬಲಗೈಲಿ ಅವರ ಬಾಯೂ ಗಪ್ಪು!

ಈಗ ಕಟ್ ಅನ್ನೋರ್ಯಾರು? ಡೈರೆಕ್ಟ್ರು ಅನ್ನದೆ ಕ್ಯಾಮೆರಾದವನು ನಿಲ್ಲಿಸಂಗಿಲ್ಲ, ಅದು ಅವರ ಕಟ್ಟುಪಾಡಂತೆ. ಕ್ಯಾಮೆರಾ ಓಡ್ತಾನೇ ಇದೆ. ಅಂಬುಜಾಕ್ಷಮ್ಮ ಒದೀತಾಳೆ, ಡೈರೆಕ್ಟ್ರು ಗುದ್ದುತಾರೆ, ತಿಬ್ಬೇಶ ಕಂಬ ಕಂಬ!

ಆಗ ಹೊಂಬಯ್ಯ ನುಗ್ಗಿ ಬಂದ, ಮುಖ ಟೊಮೇಟೊ ಹಣ್ಣು. ಬೆರಳು ತೋರಿಸಿ ಬಾಯಿ ತೆಗೆದ. "ಲೋ, ನಿನ್ನ ಕೆಲಸ..."

ತಿಬ್ಬೇಶನಿಗೆ ಮೂರನೇ ಕೈ ಇಲ್ಲ.

ಚಿಕ್ಕತಾಯಮ್ಮ ಬಾಗಿಲಲ್ಲಿ ಸೌಟು ಹಿಡ್ಕೊಂಡು ನಿಂತಿದ್ಲು. ಆ ಮಾತು ಪೂರ್ತಿಯಾದ್ರೆ ಮಗನ ಅನ್ನ ಹೋಯ್ತು ಅಂತ ಗೊತ್ತಾಯ್ತು ಅವಳಿಗೆ. ಸೌಟು ನನ್ನ ಕೈಗೆ ತುರುಕಿ ಓಡಿ ಹೋಗಿ, ಹಿಂದಿನಿಂದ ಹೊಂಬಯ್ಯನ ಬಾಯಿನ ಎರಡೂ ಕೈಲಿ ಅದುಮಿ ಹಿಡಿದ್ಲು!

ತಿಬ್ಬೇಶ ಅವ್ವನ ಕಡೆ ತಿರುಗಿ, ಕಣ್ಣರಳಿಸಿ, ಪಿಸುಗುಟ್ಟಿದ:

"ಬಿಡಬೇಡ ಅವ್ವಾ! ಇನ್ನೂ ಕಟ್ ಅಂದಿಲ್ಲ!"