ಜಾಲಿಕೊಪ್ಪದಲ್ಲಿ ಯಾರೂ ಏಳಲಿಲ್ಲ

"ಅಜ್ಜ ಗೆದ್ದ, ಅಪ್ಪ ಗೆದ್ದ, ಈಗ ನಾನು ಗೆಲ್ತಾ ಇದ್ದೀನಿ. ನಮ್ಮ ಜಾಲಿಕೊಪ್ಪ ನಾಡಿನ ಚುನಾವಣೆಯಲ್ಲಿ ಇಷ್ಟು ವರ್ಷ ಒಬ್ಬನಾದರೂ ನಮ್ಮನ್ನು ಬೇಡ ಅಂದಿದ್ದರೆ ಕೇಳಿ, ಮಹಾಸ್ವಾಮಿ!"

ತುಂಬಿದ ಸಭೆಯಲ್ಲಿ ಹೀಗೆ ಎದೆಯುಬ್ಬಿಸಿದವನು ರಾಚೋಟಪ್ಪ ದೇಸಾಯಿ. ಜಾಲಿಕೊಪ್ಪ ನಾಡು ಈಗ ಹುಡುಕಿದರೂ ಸಿಗುವುದಿಲ್ಲ, ಅಕ್ಕಪಕ್ಕದ ನಾಡಿನವರು ಹಂಚಿಕೊಂಡು ಬಿಟ್ಟಿದ್ದಾರೆ. ಆಗ ಮಾತ್ರ ಅದಕ್ಕೊಂದು ಹಕ್ಕಿತ್ತು. ಕೆಂಗಪ್ಪನಾಯಕನ ಸಭೆಯಲ್ಲಿ ತಮ್ಮ ಪರವಾಗಿ ಮಾತಾಡಲು ಒಬ್ಬನನ್ನು ಅಲ್ಲಿನ ಜನರೇ ಆರಿಸಿ ಕಳಿಸಬಹುದಿತ್ತು.

"ಸಂತೋಷ ದೇಸಾಯರೇ. ಈಗೇನಾಗಬೇಕು?" ಅಂದ ನಾಯಕ.

"ಪ್ರತಿ ಸಲ ಜನರಿಗೆ ಯಾಕೆ ತೊಂದರೆ? ಈ ಸ್ಥಾನ ನಮ್ಮ ಮನೆತನಕ್ಕೇ ಅಂತ ತಾಮ್ರಶಾಸನ ಬರೆಸಿಬಿಡಿ. ಚುನಾವಣೆಯ ರಗಳೆಯೇ ಬೇಡ."

ನಾಯಕನಿಗೆ ಅದೂ ಸರಿಯೆನ್ನಿಸಿತು. ಆದರೆ ಅಂಬಣ್ಣನಿಗೆ ದಿಗಿಲಾಯಿತು.

ಅಂಬಣ್ಣ ಆ ಸಭೆಯ ವಿದೂಷಕ. ಊರನ್ನೆಲ್ಲ ನಗಿಸುತ್ತಿದ್ದ, ತಾನು ಮಾತ್ರ ನಗುತ್ತಿರಲಿಲ್ಲ. ಅವನ ಅಕ್ಕ ಸಾವಂತ್ರವ್ವನನ್ನು ಕೊಟ್ಟದ್ದು ಜಾಲಿಕೊಪ್ಪಕ್ಕೆ. ಅವಳ ಗದ್ದೆಗೆ ನೀರು ಬಿಡುವ ಕೆರೆಯ ತೂಬನ್ನು ದೇಸಾಯಿ ಮುಚ್ಚಿಸಿಬಿಟ್ಟಿದ್ದ. ಎರಡು ಬೆಳೆ ಒಣಗಿ ಹೋಗಿತ್ತು. ನಾಯಕನಿಗೆ ದೂರು ಹೇಳೋಣವೆಂದರೆ ನಾಡಿನ ದೂರು ತರಬೇಕಾದವನೇ ದೇಸಾಯಿ! ಶಾಸನವೂ ಆಗಿಬಿಟ್ಟರೆ ಅಕ್ಕನ ಗದ್ದೆಗೆ ಎಳ್ಳುನೀರು ಬಿಟ್ಟಂತೆಯೇ.

"ಒಬ್ಬರೂ ಬೇಡ ಅಂದಿಲ್ಲವೇ, ದೇಸಾಯರೇ?" ಅಂಬಣ್ಣ ಕೇಳಿದ.

"ಒಬ್ಬರೂ ಇಲ್ಲ. ಹುಣಸೆ ತೋಪಿನಲ್ಲಿ ಎಲ್ಲರೂ ಕೂರ್ತಾರೆ. 'ದೇಸಾಯರು ಬೇಡ ಅನ್ನೋರು ಎದ್ದು ನಿಲ್ಲಿ' ಅಂತ ತಳವಾರ ಸಾರುತ್ತಾನೆ. ಯಾರೂ ಏಳೋದಿಲ್ಲ. ಮುಗೀತು."

"ನಮ್ಮ ಭಾವ ಎದ್ದಿದ್ದರಂತಲ್ಲ?"

"ಅವನಿಗೆ ಚೇಳು ಕಡಿದಿತ್ತು!"

"ಹಾಗಾದರೆ ಮೂರು ತಲೆಮಾರಿನಲ್ಲಿ ನಿಮ್ಮನ್ನು ವಿರೋಧಿಸಿದ್ದು ಒಂದು ಚೇಳು. ತೂಬು ಮುಚ್ಚಿದ್ದು ಮಾತ್ರ ಭಾವನಿಗೆ."

"ಅದು ದುರಸ್ತಿಗೆ ಮುಚ್ಚಿದ್ದು, ಮಹಾಸ್ವಾಮಿ," ಅಂದ ದೇಸಾಯಿ. "ಚೇಳು ಬೇರೆಯವರಿಗೂ ಕಡಿದಿದೆ. ನನ್ನ ಮೇಲಿನ ಪ್ರೀತಿಗೆ ಅವರು ಕೂತೇ ಇದ್ದರು."

ಅಂಬಣ್ಣ ಗಂಭೀರವಾಗಿ ತಲೆಯಾಡಿಸಿದ. "ಇಷ್ಟು ಪ್ರೀತಿ ಇದ್ದಮೇಲೆ ಶಾಸನ ಬರೆಸಲೇಬೇಕು. ಆದರೆ 'ಯಾರೂ ಬೇಡ ಅನ್ನಲಿಲ್ಲ' ಅಂತ ಕೊರೆಸಿದರೆ ಏನು ಚೆಂದ? 'ಎಲ್ಲರೂ ಬೇಕು ಅಂದರು' ಅಂತಿರಬೇಕು. ಈ ಸಲ ಬೇಕು ಅನ್ನೋರನ್ನೇ ಎದ್ದು ನಿಲ್ಲಿಸೋಣ. ಮುಂಚಿತವಾಗಿ ಯಾರಿಗೂ ಹೇಳುವುದು ಬೇಡ. ಪ್ರೀತಿಗೆ ಪಾಠ ಯಾಕೆ?"

ದೇಸಾಯಿ ಉಬ್ಬಿಹೋದ. "ಇಡೀ ತೋಪೇ ಎದ್ದು ನಿಲ್ಲುತ್ತೆ, ನೋಡ್ತಿರಿ!"

ಚುನಾವಣೆಯ ದಿನ ನಾಯಕನೇ ಜಾಲಿಕೊಪ್ಪಕ್ಕೆ ಬಂದ. ಜನ ಹುಣಸೆ ಮರದಡಿ ಚಾಪೆ ಹಾಸಿ, ಚಕ್ಕಳಮಕ್ಕಳ ಹಾಕಿ ಭದ್ರವಾಗಿ ಕೂತಿದ್ದರು. ಕಾಲು ಜೋಮು ಹಿಡಿಯುವ ಮುದುಕರು ಬಲಕ್ಕೊಬ್ಬ ಎಡಕ್ಕೊಬ್ಬ ಮೊಮ್ಮಗನಿಂದ ಭುಜ ಒತ್ತಿ ಹಿಡಿಸಿಕೊಂಡಿದ್ದರು. ಎಲ್ಲಾದರೂ ಅಪ್ಪಿತಪ್ಪಿ ಎದ್ದುಬಿಟ್ಟರೆ ಎಂಬ ಹೆದರಿಕೆ, ಪಾಪ.

ತಳವಾರ ತಮಟೆ ಬಡಿದ. "ದೇಸಾಯರು ಬೇಕು ಅನ್ನೋರು ಎದ್ದು ನಿಲ್ರಪ್ಪೋ!"

'ಎದ್ದು' ಅನ್ನುವುದು ಕಿವಿಗೆ ಬಿದ್ದದ್ದೇ ತಡ, ಜನ ಇನ್ನಷ್ಟು ಬಿಗಿಯಾಗಿ ಕೂತರು. ಯಾರಿಗೆ ಅರ್ಥವಾಗಲಿಲ್ಲವೋ, ಯಾರು ಅರ್ಥವಾಗಿಯೂ ಕೂತರೋ, ಆ ದೇವರೇ ಬಲ್ಲ.

"ಬೇಕು ಅನ್ನೋರು ಕಣ್ರೋ! ಏಳ್ರೋ!" ದೇಸಾಯಿ ಕೂಗಿದ.

ಇದೇನೋ ಪರೀಕ್ಷೆ ಎಂದುಕೊಂಡರು ಜನ. ಚಾಪೆ ಕೂಡ ಅಲುಗಲಿಲ್ಲ.

ದೇಸಾಯಿ ತನ್ನ ಮನೆಯ ಕಾರಭಾರಿ ಗುಂಡಪ್ಪನ ರಟ್ಟೆ ಹಿಡಿದು ಎಳೆದ. "ನೀನಾದರೂ ಏಳೋ, ದರಿದ್ರದವನೇ!"

ಗುಂಡಪ್ಪ ಎರಡೂ ಕೈಯಿಂದ ಮರದ ಬೇರು ತಬ್ಬಿಕೊಂಡ. "ಸಾಯಿಸಿದರೂ ಏಳೋದಿಲ್ಲ ಧಣೀ. ನಿಮ್ಮ ಉಪ್ಪು ತಿಂದವನು ನಾನು."

ನಾಯಕ ಹುಬ್ಬೇರಿಸಿದ. "ಏನು ದೇಸಾಯರೇ, ನಿಮ್ಮನ್ನು ಬೇಕು ಅನ್ನೋರು ಒಬ್ಬರೂ ಇಲ್ಲವೇ?"

"ಅಯ್ಯೋ, ಹಾಗಲ್ಲ ಮಹಾಸ್ವಾಮಿ!" ದೇಸಾಯಿ ಬೆವತುಹೋದ. "ಬೇಡ ಅಂತ ಕೂತಿಲ್ಲ ಇವರು. ನನ್ನ ಭಯಕ್ಕೆ ಕೂತಿದ್ದಾರೆ! ಎದ್ದರೆ ತೂಬು ಮುಚ್ಚಿಸ್ತೀನಿ ಅಂತ ಯಾವಾಗಲೂ ಹೀಗೇ ಕೂರ್ತಾರೆ!"

  

ನಾಯಕ ಅಲ್ಲೇ ಅಪ್ಪಣೆ ಕೊಟ್ಟ. ಶಾಸನ ಇಲ್ಲ. ತೂಬಿನ ಅಧಿಕಾರ ಇನ್ನು ದೇಸಾಯಿಗಿಲ್ಲ, ಇವತ್ತೇ ತೂಬು ತೆಗೆಯಬೇಕು. ಬರುವ ಸೋಮವಾರ ಮತ್ತೆ ಚುನಾವಣೆ, ದೇಸಾಯಿ ಅಂದು ಊರಲ್ಲಿರಕೂಡದು. ಅಕ್ಕನ ಗದ್ದೆಗೆ ಸಂಜೆಯೊಳಗೆ ನೀರು ಹರಿಯಿತು. ಸಾವಂತ್ರವ್ವ ಬದುವಿನ ಮೇಲೆ ಕೂತು ಅತ್ತಳು, ಅಂಬಣ್ಣನ ಕಣ್ಣೂ ಒದ್ದೆಯಾಯಿತು.

ಮರುದಿನ ಸಭೆಯಲ್ಲಿ ನಾಯಕ ಹೆಮ್ಮೆಯಿಂದ ಹೇಳಿದ: "ಜನರನ್ನು ಹೆದರಿಸಿ ಆಳುವುದೂ ಒಂದು ಆಳ್ವಿಕೆಯೇ? ನಮ್ಮ ಸಭೆ ನೋಡಿ. ನನ್ನನ್ನು ಕಂಡರೆ ಭಯ ಅನ್ನೋರು ಎದ್ದು ನಿಲ್ಲಿ!"

ಒಬ್ಬರೂ ಏಳಲಿಲ್ಲ. ನಾಯಕನ ಮುಖ ಅರಳಿತು. ಅಂಬಣ್ಣನತ್ತ ತಿರುಗಿ, "ನೋಡಿದೆಯಾ? ನೀನೂ ಕೂತೇ ಇದ್ದೀಯ. ಹಾಗಾದರೆ ನಿನಗೂ ನನ್ನ ಭಯ ಇಲ್ಲ," ಅಂದ.

"ಇದೆ, ಮಹಾಸ್ವಾಮಿ," ಅಂದ ಅಂಬಣ್ಣ. "ಎದ್ದು ನಿಲ್ಲೋಕೇ ಭಯವಾಯಿತು."