ಭರಮಪ್ಪನ ಕತ್ತರಿ

ಬೆಳಗಾವಿಯ ಕ್ಯಾಂಪಿನಲ್ಲಿ ಮಿಲಿಟರಿಯ ಹಳೇ ಬಟ್ಟೆ ಮಾರುವ ಅಂಗಡಿಯೊಂದಿತ್ತು. ಸಿಪಾಯಿಯ ಹೆಸರನ್ನು ಬಿಚ್ಚದೆ ಅವನ ಬಟ್ಟೆ ಮಾರಬಾರದೆಂಬುದು ಆ ಮನೆತನದಲ್ಲಿ ಅಜ್ಜನ ಕಾಲದ ಕಟ್ಟಳೆ. ಒಂದು ದಿನ ಹರಾಜಿನ ಗಂಟಿನಿಂದ ಹೊರಬಿದ್ದ ಕೋಟೊಂದು ಮುದಿ ಮಾಲೀಕ ಭರಮಪ್ಪನ ತೊಡೆ ಸೇರಿ, ಮನೆಗೆ ಬಂದೆನೆಂದು ಹಿಗ್ಗಿತು.

"ಕತ್ತರಿಯಕ್ಕಾ, ತಾಳು. ಗಡಿಯಿಂದ ಮರಳದ ಇವನ ಮಗನ ಕೋಟು ನಾನು. ಎದೆಯ ಮೇಲಿನ ಹೆಸರನ್ನು ಇವನು ಓದಲಿ."

"ಓದುವುದೆಲ್ಲಿಂದ ಬಂತು?" ಎಂದಿತು ಕತ್ತರಿ. "ಮಗನ ದಾರಿ ನೋಡಿ ನೋಡಿ ಇವನ ಕಣ್ಣೇ ಹೋದವು. ಈಗ ಬೆರಳಲ್ಲಿ ತಡಕಿ ಹೊಲಿಗೆ ಬಿಚ್ಚುತ್ತಾನೆ."

ಕೋಟು ಕೂಗಿಕೊಂಡಿತು. ಕೋಟಿನ ಕೂಗು ಮನುಷ್ಯನಿಗೆ ಕೇಳಿಸೀತೆ? ಹೆಸರು ಕಳಚಿ ಕಸ ಸೇರಿತು. ಭರಮಪ್ಪ ಕೋಟಿನ ಬೆನ್ನು ಸವರಿದ.

"ಪಾಪ, ಯಾರ ಮಗಂದೋ ಏನೋ" ಎನ್ನುತ್ತ ಮಾರಾಟದ ಗೂಟಕ್ಕೆ ತೂಗುಹಾಕಿದ.